ಇಂದ್ರರ ಕಾರಿನ ಬೆಲ್ಟು

ಕಳೆದ ವಾರ ಮನೆಯ ಬಟ್ಟೆ ಒಗೆಯುವ ಮೆಷಿನು ಕೈಕೊಟ್ಟಿತು. ಒಳಗೆ ಮೋಟರು ಗುಂಯ್‌ಗುಡುತ್ತದೆ, ಡ್ರಮ್ಮು ಮಾತ್ರ ಅಲುಗುವುದಿಲ್ಲ. ಸ್ವಲ್ಪ ಹೊತ್ತಿನಲ್ಲೇ ಕಾದ ರಬ್ಬರಿನ ವಾಸನೆ ಅಡುಗೆಮನೆಯವರೆಗೂ ಬಂತು. ಮೂಡುಬಿದಿರೆಯಿಂದ ಬಂದ ರಿಪೇರಿಯವನು ಹಿಂದಿನ ತಗಡು ಬಿಚ್ಚಿ, ಸವೆದ ಬೆಲ್ಟನ್ನು ಎಳೆದು ತೆಗೆದು, ಅದರ ಮೇಲಿದ್ದ ನಂಬರು ಓದಿ, ತನ್ನ ಚೀಲದಿಂದ ಅದೇ ನಂಬರಿನ ಹೊಸದೊಂದನ್ನು ತೆಗೆದು ಸಿಕ್ಕಿಸಿದ. ಅವನಿಗೆ ಕೊಟ್ಟ ಚಾ ಇನ್ನೂ ಆರಿರಲಿಲ್ಲ.

"ಇಷ್ಟೆಯಾ?" ಎಂದು ಕೇಳಿದೆ. "ಇಷ್ಟೇ ಅಜ್ಜಿ. ನಂಬರು ಸರಿ ಇದ್ರೆ ಆಯ್ತು" ಎಂದ. ಪಾಪ, ಅವನದೇನೂ ತಪ್ಪಿಲ್ಲ. ಆದರೂ ನನಗೆ ಅವನ ಮೇಲೆ ಸುಮ್ಮನೆ ಸಿಟ್ಟು ಬಂತು. ಬೆಲ್ಟಿಗೊಂದು ನಂಬರು ಇರುತ್ತದೆ ಎಂಬುದೇ ಗೊತ್ತಿಲ್ಲದ ಕಾಲದಲ್ಲಿ, ಒಂದು ಬೆಲ್ಟಿಗಾಗಿ ಐದು ತಿಂಗಳು ತಲೆ ಕೆಡಿಸಿಕೊಂಡವಳು ನಾನು. ನಾನೊಬ್ಬಳೇ ಅಲ್ಲ, ನಮ್ಮ ನೆರೆಮನೆಯ ಇಂದ್ರರೂ...

ನಮ್ಮ ಕಡೆ ಬಸದಿಯಲ್ಲಿ ಪೂಜೆ ಮಾಡುವವರನ್ನು ಇಂದ್ರರು ಎಂದೇ ಕರೆಯುವುದು. ನಮ್ಮ ಇಂದ್ರರಿಗೆ ಬೇರೆ ಹೆಸರು ಇತ್ತು, ಆದರೆ ನಮ್ಮ ಊರು ವಾಮದಪದವಿನಲ್ಲಿ ಅದು ಬೇಕಾದದ್ದು ಅಂಚೆಯವನೊಬ್ಬನಿಗೆ. ಐವತ್ತರ ದಶಕ ಮುಗಿಯುತ್ತಿದ್ದ ಹೊತ್ತು. ನಾನಾಗ ಇಪ್ಪತ್ತೈದರ ಆಚೀಚೆಯವಳು, ಪೇಟೆಯ ತಿರುವಿನಲ್ಲಿ ಹೊಲಿಗೆ ಮೆಷಿನು ಇಟ್ಟುಕೊಂಡಿದ್ದೆ. ರವಿಕೆ, ಶಾಲೆಯ ಚೀಲ, ಬಸ್ಸಿನ ಸೀಟಿನ ಕವರು, ಏನು ಕೊಟ್ಟರೂ ಹೊಲಿಯುತ್ತಿದ್ದೆ. ಅಂಗಡಿಯ ಹಿಂದೆಯೇ ನಮ್ಮ ಮನೆ, ಅದಕ್ಕೆ ತಾಗಿ ಇಂದ್ರರ ಮನೆ. ಐವತ್ತು ದಾಟಿದ ಸಣಕಲು ಮನುಷ್ಯ. ಬೆಳಗ್ಗೆ ಒಂದೂವರೆ ಮೈಲು ನಡೆದು ಬಸದಿಗೆ ಹೋಗಿ ಪೂಜೆ ಮುಗಿಸಿ ಬಂದರೆ, ಮತ್ತೆ ಸಂಜೆಯವರೆಗೆ ಯಾರದೋ ಗಡಿಯಾರ, ಯಾರದೋ ಪೆಟ್ರೋಮ್ಯಾಕ್ಸು ಬಿಚ್ಚಿಟ್ಟುಕೊಂಡು ಕೂರುತ್ತಿದ್ದರು. ಬಿಚ್ಚಿದ್ದನ್ನು ಮೊದಲಿನ ಹಾಗೆ ಜೋಡಿಸುವುದೂ ಅವರಿಗೆ ಗೊತ್ತಿತ್ತು, ಅಷ್ಟರ ಮಟ್ಟಿಗೆ ಊರಿನ ಪುಣ್ಯ.

ಅವರ ಜೊತೆಗಿದ್ದವರು ಅವರ ಅಕ್ಕ. ಗಂಡ ತೀರಿಹೋದ ಮೇಲೆ ತಮ್ಮನ ಮನೆಗೆ ಬಂದವರು. ಇಂದ್ರರು ಕರೆಯುವ ಹಾಗೆ ನಾವೂ ಅಕ್ಕ ಎಂದೇ ಕರೆಯುತ್ತಿದ್ದೆವು. ಅಕ್ಕ ಅನಂತ ನೋಂಪಿ ಹಿಡಿದಿದ್ದರು. ನೋಂಪಿ ಎಂದರೆ ಜೈನರ ವ್ರತ. ಇದು ಹದಿನಾಲ್ಕು ವರ್ಷದ್ದು. ಪ್ರತಿ ಭಾದ್ರಪದದಲ್ಲೂ ಉಪವಾಸವಿದ್ದು ಪೂಜೆ ಮಾಡಿಸಿ, ಹದಿನಾಲ್ಕನೆಯ ವರ್ಷ ಅದನ್ನು ಮುಗಿಸಬೇಕು. ತಾನು ಹುಟ್ಟಿದ ಊರಿನ ಬಸದಿಯಲ್ಲೇ ಮುಗಿಸುತ್ತೇನೆ ಎಂದು ಮೊದಲ ವರ್ಷವೇ ಸಂಕಲ್ಪ ಮಾಡಿಕೊಂಡಿದ್ದರು. ಹದಿಮೂರು ವರ್ಷ ಆಯಿತು. ಹದಿಮೂರನೆಯ ವರ್ಷದ ದೀಪಾವಳಿ ಹೊತ್ತಿಗೆ ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಎದ್ದರು, ಆದರೆ ಕೋಲು ಊರಿಕೊಂಡು ಜಗಲಿಯಿಂದ ಅಡುಗೆಮನೆಗೆ ಹೋಗುವುದೇ ದೊಡ್ಡ ಪ್ರಯಾಣವಾಯಿತು.

ಆ ಬಸದಿ ಬೆಳ್ತಂಗಡಿ ಕಡೆಗೆ ಏಳು ಮೈಲು ಆಚೆ, ಒಂದು ಗುಡ್ಡದ ಮೇಲೆ ಇತ್ತು. ಬಸ್ಸು ಗುಡ್ಡದ ಬುಡಕ್ಕೂ ಹೋಗುತ್ತಿರಲಿಲ್ಲ. ಎತ್ತಿನ ಗಾಡಿ ತರಿಸುವ ಎಂದರೆ ಅಕ್ಕ ಒಪ್ಪಲಿಲ್ಲ. ಏರಿನಲ್ಲಿ ಎತ್ತಿನ ಬಾಲ ತಿರುಚುವುದನ್ನು ಒಮ್ಮೆ ಕಣ್ಣಾರೆ ಕಂಡ ಮೇಲೆ ಪ್ರಾಣಿ ಎಳೆಯುವ ಗಾಡಿ ಹತ್ತುವುದಿಲ್ಲ ಎಂದು ಬಿಟ್ಟವರು. ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗುತ್ತಾರೆ ಎಂದರೆ, "ಹೊತ್ತುಕೊಂಡು ಹೋಗುವ ದಿನ ಬರ್ತದೆ, ಈಗ ಬೇಡ" ಎಂದರು. ಬಂಟ್ವಾಳದಿಂದ ಟ್ಯಾಕ್ಸಿ? ಅದರ ಸೀಟು ಚರ್ಮದ್ದು. ಉಪವಾಸದ ದಿನ ಚರ್ಮದ ಮೇಲೆ ಕೂತು ಬಸದಿಗೆ ಹೋಗುವುದು ಹೇಗೆ? ನಾನಾಗಿದ್ದರೆ ಒಂದು ಸೀರೆ ಹಾಸಿ ಕೂತು ಹೋಗಿ ಬರುತ್ತಿದ್ದೆ. ಆದರೆ ನಮ್ಮದು ಮೀನು ಬೇಯುವ ಮನೆ, ನನ್ನ ಮಾತಿಗೆ ಅಲ್ಲಿ ಬೆಲೆ ಕಡಿಮೆ.

ಆಗ ಇಂದ್ರರು ಬಹಳ ಸಹಜವಾಗಿ, ದೋಸೆಗೆ ಅಕ್ಕಿ ನೆನೆಹಾಕುವ ಮಾತು ಹೇಳಿದ ಹಾಗೆ ಹೇಳಿದರು. "ಹಾಗಾದ್ರೆ ನಾನೇ ಒಂದು ಕಾರು ಮಾಡ್ತೇನೆ."

ನಾವು ನಕ್ಕೆವು. ಅವರು ನಗಲಿಲ್ಲ. ಗುಜರಿಯಿಂದ ನಾಲ್ಕು ಮೋಟಾರು ಸೈಕಲಿನ ಚಕ್ರ ಬಂತು, ಯಾವುದೋ ಮುರಿದ ವ್ಯಾನಿನ ಸ್ಟೇರಿಂಗು ಬಂತು, ಯಾರದೋ ತೋಟಕ್ಕೆ ನೀರು ಹಾಯಿಸಿ ಹಾಯಿಸಿ ಸುಸ್ತಾದ ಸಣ್ಣ ಸೀಮೆಎಣ್ಣೆ ಇಂಜಿನು ಬಂತು. ಹಲಸಿನ ಹಲಗೆಯ ಮೈ, ತೆಂಗಿನ ನಾರು ತುಂಬಿದ ಸೀಟು. ಸೀಟಿಗೆ ನೀಲಿ ಗೆರೆಯ ಹತ್ತಿಬಟ್ಟೆಯ ಕವರು ಹೊಲಿದುಕೊಟ್ಟದ್ದು ನಾನೇ. ಬೇಸಿಗೆ ಕಾಲಿಡುವ ಹೊತ್ತಿಗೆ ಅವರ ಅಂಗಳದಲ್ಲಿ ಕಾರಿನಂಥದ್ದೊಂದು ನಿಂತಿತ್ತು. ಇಂಜಿನು ಓಡುತ್ತಿತ್ತು, ಚಕ್ರ ತಿರುಗುತ್ತಿತ್ತು. ಒಂದರ ಓಟವನ್ನು ಇನ್ನೊಂದಕ್ಕೆ ಮುಟ್ಟಿಸುವುದು ಮಾತ್ರ ಬಾಕಿ. ಅಲ್ಲಿಂದ ನಮ್ಮ ಗ್ರಹಚಾರ ಶುರುವಾಯಿತು.

ಅವರ ಲೆಕ್ಕ ಸರಳವಾಗಿತ್ತು. ಅಕ್ಕಿ ಮಿಲ್ಲಿನಲ್ಲಿ ಇಂಜಿನಿನಿಂದ ಯಂತ್ರಕ್ಕೆ ಅಗಲವಾದ ಪಟ್ಟಿಯೊಂದು ಓಡುತ್ತದಲ್ಲ, ಹಾಗೆ ಇಲ್ಲಿಯೂ. ಇಂಜಿನಿಗೆ ಒಂದು ಹಲಸಿನ ಮರದ ರಾಟೆ, ಹಿಂದಿನ ಚಕ್ರದ ಅಚ್ಚಿಗೆ ಇನ್ನೊಂದು ದೊಡ್ಡ ರಾಟೆ, ಎರಡಕ್ಕೂ ಸುತ್ತಿದ ಬೆಲ್ಟು. ಬೆಲ್ಟು ಸಾಮಾನ್ಯಕ್ಕೆ ಸಡಿಲ ಇರುತ್ತದೆ. ಹಿಡಿಕೆ ಎಳೆದರೆ ಮೂರನೆಯ ಸಣ್ಣ ರಾಟೆಯೊಂದು ಬಂದು ಅದನ್ನು ಒತ್ತಿ ಬಿಗಿಮಾಡುತ್ತದೆ, ಕಾರು ಹೊರಡುತ್ತದೆ. ಬಿಟ್ಟರೆ ನಿಲ್ಲುತ್ತದೆ. ಗೇರು ಇಲ್ಲ, ಕ್ಲಚ್ಚು ಇಲ್ಲ. ಎಲ್ಲ ಭಾರವೂ ಆ ಒಂದು ಬೆಲ್ಟಿನ ಮೇಲೆ. ಅದು ಜಾರಬಾರದು, ಹಿಗ್ಗಬಾರದು, ಉಜ್ಜಿಕೊಂಡು ಕಾದರೆ ಸುಡಬಾರದು. ಇಷ್ಟು ಸಾಲದೆಂದು ನಾಲ್ಕನೆಯದೊಂದು ನಿಯಮ, ಪ್ರಾಣಿಯದ್ದು ಆಗಬಾರದು.

ಸೈಕಲಿನ ಚೈನು ಹಾಕಿ ನೋಡಿದರು, ಎರಡು ಸಲ ತುಂಡಾಯಿತು. ಲಾರಿಯ ಫ್ಯಾನ್ ಬೆಲ್ಟು ತಂದರು, ಅದು ಗಿಡ್ಡವಾಯಿತು. ರಾಟೆಗಳನ್ನು ಹತ್ತಿರ ತಂದರು, ಬೆಲ್ಟು ಮಗುಚಿ ಬಿತ್ತು. ಹಿಟ್ಟಿನ ಗಿರಣಿಯಿಂದ ರಬ್ಬರಿನ ಅಗಲ ಬೆಲ್ಟಿನ ತುಂಡು ತಂದಾಗ ಇದೇ ಸರಿ ಎಂದು ನನಗೂ ಅನಿಸಿತು. ಅಂಗಳದಲ್ಲಿ ಎರಡು ಸುತ್ತು ಚೆಂದಕ್ಕೆ ಬಂತು. ಮೂರನೆಯ ಸುತ್ತಿನಲ್ಲಿ ಹೊರಡುವಾಗ ರಾಟೆಯ ಮೇಲೆ ಉಜ್ಜಿ ಉಜ್ಜಿ ಹೊಗೆ ಎದ್ದಿತು. ಕರಗಿದ ರಬ್ಬರು ಹಲಸಿನ ಮರಕ್ಕೆ ಮೆತ್ತಿಕೊಂಡದ್ದನ್ನು ಕೆರೆದು ತೆಗೆಯಲು ಅವರಿಗೆ ನಾಲ್ಕು ದಿನ ಬೇಕಾಯಿತು. ಕಳೆದ ವಾರ ಅಡುಗೆಮನೆಗೆ ಬಂದದ್ದು ಅದೇ ವಾಸನೆ.

ಆಮೇಲೆ ಮೂಡುಬಿದಿರೆಯ ಮರದ ಮಿಲ್ಲಿನಲ್ಲಿ ಒಂದು ಬೆಲ್ಟು ಸಿಕ್ಕಿತು. ಕಂದು ಬಣ್ಣ, ಗಟ್ಟಿ ನೇಯ್ಗೆ, ಕೈಯಲ್ಲಿ ಹಿಡಿದರೇ ಗೊತ್ತಾಗುತ್ತಿತ್ತು ಇದು ಮಾಲು ಎಂದು. ಅದರಲ್ಲಿ ಕಾರು ಪೇಟೆಯ ತಿರುವಿನವರೆಗೂ ಬಂದು ಹಿಂದೆ ಹೋಯಿತು. ನಾನು ಅಂಗಡಿಯಿಂದ ಇಳಿದು ಬಂದು ಚಪ್ಪಾಳೆ ಹೊಡೆದೆ. ಮರುದಿನ ನೋಡಿದರೆ ಇಂದ್ರರು ಬೆಲ್ಟು ಬಿಚ್ಚಿ ಕಾಗದದಲ್ಲಿ ಸುತ್ತುತ್ತಿದ್ದರು. ಅದನ್ನು ಒಂಟೆಯ ಕೂದಲಿನಿಂದ ನೇಯುತ್ತಾರೆ ಎಂದು ಯಾರೋ ಹೇಳಿದರಂತೆ.

"ಕೂದಲು ಅಲ್ವಾ ಇಂದ್ರರೇ. ಕತ್ತರಿಸಿದ್ರೆ ಒಂಟೆಗೆ ಎಂಥ ನೋವು?" ಎಂದೆ.

"ಬದುಕಿದ ಒಂಟೆಯದ್ದೋ, ಸತ್ತ ಒಂಟೆಯದ್ದೋ ಯಾರಿಗೆ ಗೊತ್ತು ತಂಗಿ? ಗೊತ್ತಿಲ್ಲದ್ದು ಬೇಡ."

ವಾಮದಪದವಿನಲ್ಲಿ ಕೂತು ಒಂಟೆಯನ್ನು ಯಾರ ಹತ್ತಿರ ಕೇಳುವುದು? ನನಗೆ ಅಳು ಬರುವಷ್ಟು ಸಿಟ್ಟು ಬಂತು. ಬಂಟ್ವಾಳದ ಅಕ್ಕಿ ಮಿಲ್ಲಿನ ಫಿಟ್ಟರು ಮೊದಲೇ ಸ್ಪಷ್ಟವಾಗಿ ಹೇಳಿಬಿಟ್ಟಿದ್ದ, ಮರದ ರಾಟೆಗೆ ಚರ್ಮದ ಬೆಲ್ಟಿನಷ್ಟು ಒಳ್ಳೆಯದು ಮತ್ತೊಂದಿಲ್ಲ, ಅದು ಜಾರುವುದೂ ಇಲ್ಲ, ಹಿಗ್ಗುವುದೂ ಇಲ್ಲ, ಸುಡುವುದೂ ಇಲ್ಲ ಎಂದು. ಅವನ ಮಾತನ್ನು ಇಂದ್ರರು ತಲೆಯಾಡಿಸುತ್ತ ಪೂರ್ತಿ ಕೇಳಿದ್ದರು. ಆಮೇಲೆ ಬೇರೆ ಏನು ಉಂಟು ಎಂದು ಕೇಳಿದ್ದರು.

ಕೊನೆಗೆ ಉಳಿದದ್ದು ಹತ್ತಿ. ದಪ್ಪ ಕ್ಯಾನ್ವಾಸನ್ನು ನಾಲ್ಕು ಮಡಿ ಮಾಡಿ, ಉದ್ದಕ್ಕೂ ಒಂಬತ್ತು ಸಾಲು ಹೊಲಿದರೆ ಬೆಲ್ಟು ಆಗುತ್ತದೆ ಎಂದರು. ಹೊಲಿಯುವವಳು ನಾನು. ಆಗಲಿ ಎಂದೆ. ಬಟ್ಟೆ ತಂದುಕೊಟ್ಟು ಹೋಗದೆ ಅಂಗಡಿಯ ಮೆಟ್ಟಿಲ ಬಳಿ ನಿಂತೇ ಇದ್ದರು. ಕಣ್ಣು ನನ್ನ ಮೆಷಿನಿನ ಕೆಳಗಿನ ದೊಡ್ಡ ಚಕ್ರದ ಮೇಲೆ. ಹೊಲಿಗೆ ಮೆಷಿನು ಬಲ್ಲವರಿಗೆ ಗೊತ್ತು, ಕಾಲಲ್ಲಿ ತುಳಿಯುವ ಚಕ್ರದಿಂದ ಮೇಲಿನ ಚಕ್ರಕ್ಕೆ ಓಡುವ ಆ ಹಗ್ಗದಂಥ ಉರುಟು ಬೆಲ್ಟು ಚರ್ಮದ್ದು.

ಅವರು ಹೇಳುವ ಮೊದಲೇ ನನಗೆ ಅರ್ಥವಾಯಿತು. "ಬೆಲ್ಟು ಬಿಚ್ಚಿಟ್ಟು ಕೈಯಲ್ಲೇ ತಿರುಗಿಸ್ಬೇಕಾ?"

"ಆಗ್ತದಾ ತಂಗಿ?"

ಆಗುತ್ತದೆ. ಬಲಗೈಯಲ್ಲಿ ಮೇಲಿನ ಚಕ್ರ ತಿರುಗಿಸುತ್ತ, ಎಡಗೈಯಲ್ಲಿ ನಾಲ್ಕು ಮಡಿ ಕ್ಯಾನ್ವಾಸು ದೂಡುತ್ತ, ಹದಿಮೂರು ಅಡಿ ಉದ್ದದ ಪಟ್ಟಿಗೆ ಒಂಬತ್ತು ಸಾಲು ಹೊಲಿಯಲು ಆಗುತ್ತದೆ. ಆದರೆ ಬೇರೆ ಕೆಲಸ ಆಗುವುದಿಲ್ಲ, ಊಟ ಮಾಡಲು ಕೈ ಏಳುವುದಿಲ್ಲ. ಮೂರು ಸೂಜಿ ಮುರಿಯಿತು. ಊರಿನವರ ರವಿಕೆಗಳು ಹಾಗೇ ಬಿದ್ದಿದ್ದವು, ಬಂದವರೆಲ್ಲ ಬೈದು ಹೋದರು. ಯಾಕೆ ಒಪ್ಪಿಕೊಂಡೆ ಎಂದು ಈಗ ಕೇಳಿದರೆ ಹೇಳುವುದು ಕಷ್ಟ. ಅಕ್ಕನ ಮುಖ ನೋಡಿ ಎನ್ನಬೇಕು. ಕಸೂತಿ ಹಾಕಲು ನನಗೆ ಕಲಿಸಿದವರು ಅವರು. ಜಗಲಿಯಲ್ಲಿ ಕೂತು ದಿನಾ ಆ ಕಾರನ್ನು ನೋಡುತ್ತಿದ್ದರು, ಒಂದು ದಿನವೂ ಎಷ್ಟು ಆಯಿತು ಎಂದು ಕೇಳಲಿಲ್ಲ.

ಮೊದಲ ಕ್ಯಾನ್ವಾಸು ಬೆಲ್ಟು ಜಾರಿತು. ಜಾರದ ಹಾಗೆ ಏನಾದರೂ ಹಚ್ಚಬೇಕು. ಪೇಟೆಯಲ್ಲಿ ಅದಕ್ಕೆಂದು ಸಿಗುವುದು ಪ್ರಾಣಿಯ ಕೊಬ್ಬಿನದ್ದು, ಆಗದು. ಜೇನುಮೇಣ, ಅದೂ ಆಗದು. ಆಗ ನಾವಿಬ್ಬರೂ ಸೇರಿ ಒಂದು ಮಂಗನ ಕೆಲಸ ಮಾಡಿದೆವು. ನಮ್ಮ ಕಡೆಯವರಿಗೆ ತಲೆಗೂ ತೆಂಗಿನೆಣ್ಣೆ, ಗಾಯಕ್ಕೂ ತೆಂಗಿನೆಣ್ಣೆ, ಕಿರುಗುಟ್ಟುವ ಬಾಗಿಲಿಗೂ ತೆಂಗಿನೆಣ್ಣೆ. ರಾಳವನ್ನು ಕುಟ್ಟಿ ತೆಂಗಿನೆಣ್ಣೆಯಲ್ಲೇ ಕಾಯಿಸಿ ಬೆಲ್ಟಿಗೆ ಬಳಿದೆವು. ಜಾರುವುದಕ್ಕೆ ಎಣ್ಣೆ ಹಾಕಿದ ಹಾಗೆಯೇ ಆಯಿತು. ಇಂಜಿನು ಬೊಬ್ಬೆ ಹೊಡೆಯುತ್ತದೆ, ಬೆಲ್ಟು ಹೊಳೆಯುತ್ತ ಇದ್ದಲ್ಲೇ ಜಾರುತ್ತದೆ, ಕಾರು ನಿಂತಲ್ಲೇ ನಡುಗುತ್ತದೆ. ಆ ಬೆಲ್ಟನ್ನು ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಎಣ್ಣೆ ಬಿಡಲಿಲ್ಲ. ಎರಡನೆಯದು ಹೊಲಿಯಬೇಕಾಯಿತು. ಹರಳೆಣ್ಣೆಯಲ್ಲಿ ರಾಳ ಕಾಯಿಸಿದರೆ ಅಂಟು ಬರುತ್ತದೆ ಎಂದು ಗೊತ್ತಾದದ್ದು ಆಮೇಲೆ.

ಹಿಡಿತವೇನೋ ಬಂತು, ಅಷ್ಟರಲ್ಲಿ ಮಳೆಯೂ ಬಂತು. ಹತ್ತಿ ಒದ್ದೆಯಾದರೆ ಕುಗ್ಗುತ್ತದೆ. ಬೆಳಗ್ಗೆ ನೋಡಿದರೆ ಬೆಲ್ಟು ತಂತಿಯ ಹಾಗೆ ಬಿಗಿದುಕೊಂಡು ರಾಟೆಯನ್ನೇ ವಾಲಿಸಿರುತ್ತಿತ್ತು. ಇಂಜಿನು ಸ್ವಲ್ಪ ಹೊತ್ತು ಓಡಿ ಬಿಸಿಯಾದರೆ ಅದೇ ಬೆಲ್ಟು ಹಿಗ್ಗಿ ಜೋತುಬೀಳುತ್ತಿತ್ತು. ಎರಡು ಬೆರಳಗಲ ಕತ್ತರಿಸಿ ಹೊಲಿ, ಒಂದು ಬೆರಳಗಲ ಸೇರಿಸಿ ಹೊಲಿ. ಅಕ್ಕನ ತೂಕಕ್ಕೆ ಸರಿಯಾಗಿ ಭತ್ತದ ಮೂಟೆಯೊಂದನ್ನು ಹಿಂದಿನ ಸೀಟಿನಲ್ಲಿಟ್ಟು, ಅಂಗಡಿ ಹಿಂದಿನ ಏರಿಗೆ ಬಿಟ್ಟರೆ ಅರ್ಧಕ್ಕೆ ಹೋಗಿ ನಿಲ್ಲುತ್ತಿತ್ತು. ಪ್ರತಿ ಸಲವೂ ಅರ್ಧಕ್ಕೇ.

ಇದರ ನಡುವೆ ಇಂದ್ರರ ಊಟ. ಸೂರ್ಯ ಮುಳುಗಿದ ಮೇಲೆ ಅವರು ಉಣ್ಣುವುದಿಲ್ಲ. ಎಲ್ಲ ಜೋಡಿಸಿ, ಇನ್ನೊಂದು ಬೋಲ್ಟು ಬಿಗಿದರೆ ಪರೀಕ್ಷೆ ಮಾಡಬಹುದು ಎನ್ನುವಾಗ ಪಡುವಣ ನೋಡುತ್ತಿದ್ದರು, ಸ್ಪ್ಯಾನರು ಕೆಳಗಿಡುತ್ತಿದ್ದರು. "ನಾಳೆ ನೋಡುವ ತಂಗಿ." ಆ ನಾಳೆಗಳಲ್ಲೇ ಆಷಾಢ ಹೋಯಿತು, ಶ್ರಾವಣ ಹೋಯಿತು. ನಾನು ಎಷ್ಟೋ ಸಲ ಮಾತಾಡದೆ ದಡದಡ ಮನೆಯೊಳಗೆ ಹೋಗಿದ್ದೇನೆ. ಆ ಮನುಷ್ಯನಿಗೆ ನನ್ನ ಸಿಟ್ಟು ಕಾಣಿಸುತ್ತಿತ್ತೋ ಇಲ್ಲವೋ, ಮರುದಿನ ಬಾಳೆಲೆಯಲ್ಲಿ ಎರಡು ಕಡುಬು ಇಟ್ಟುಕೊಂಡು ಅಕ್ಕ ಕೊಟ್ಟದ್ದು ಎಂದು ಬರುತ್ತಿದ್ದರು.

ನೋಂಪಿ ಮುಗಿಸಬೇಕಾದ ಭಾದ್ರಪದದ ಚತುರ್ದಶಿಗೆ ಐದು ದಿನ ಉಳಿದಿತ್ತು. ಎರಡನೆಯದು ಹಾಳಾದ ಮೇಲೆ ಹೊಲಿದ ಮೂರನೆಯ ಬೆಲ್ಟೂ ಏರಿನ ಅರ್ಧದಲ್ಲಿ ಜೋತುಬಿತ್ತು. ಇಂದ್ರರು ಮೂಟೆಯ ಪಕ್ಕ ಸುಮ್ಮನೆ ಕೂತುಬಿಟ್ಟರು. ಜಗಲಿಯಿಂದ ಅಕ್ಕ ಕರೆದು ಹೇಳಿದರು, "ಸಾಕು ಬಿಡು ಮಾರಾಯ. ನನ್ನ ಋಣ ಇಷ್ಟೇ ಅಂತ ಕಾಣ್ತದೆ. ಇಲ್ಲಿಯೇ ಮುಗಿಸಿದ್ರಾಯ್ತು." ದನಿಯಲ್ಲಿ ದುಃಖವಿರಲಿಲ್ಲ. ಅದೇ ನನ್ನನ್ನು ಕೆಡಿಸಿತು. ಹದಿಮೂರು ವರ್ಷ ಹಸಿದವರು ಇಷ್ಟು ಸುಲಭದಲ್ಲಿ ಕೈಬಿಡುವುದಾದರೆ, ನಾನು ಹೊಲಿದದ್ದು ಯಾತಕ್ಕೆ? ಇವರು ಕಾರು ಮಾಡಿದ್ದು ಯಾತಕ್ಕೆ? ಬೆಲ್ಟು ಹಿಗ್ಗದಿದ್ದರೆ ಎಲ್ಲ ಸರಿಯಾಗುತ್ತದೆ, ಹಿಗ್ಗದ ವಸ್ತು ಯಾವುದೆಂದು ಮೂರು ಜನಕ್ಕೂ ಗೊತ್ತಿದೆ, ಆದರೂ...

ಚೀಲಗಳ ಹಿಡಿಗೆಂದು ಬಂಟ್ವಾಳದ ಮಿಲ್ಲಿನಿಂದ ತಂದಿದ್ದ ಹಳೆಯ ಚರ್ಮದ ಬೆಲ್ಟಿನ ಪಟ್ಟಿಗಳು ನನ್ನ ಪೆಟ್ಟಿಗೆಯಲ್ಲಿದ್ದವು. ಮರುದಿನವಿಡೀ ಅಂಗಡಿಯ ಬಾಗಿಲು ಹಾಕಿ ನಾಲ್ಕನೆಯ ಬೆಲ್ಟು ಹೊಲಿದೆ. ಕ್ಯಾನ್ವಾಸಿನ ಎರಡು ಮಡಿ ಕೆಳಗೆ, ಎರಡು ಮಡಿ ಮೇಲೆ, ನಡುವೆ ಉದ್ದಕ್ಕೂ ಬೆರಳಗಲದ ಚರ್ಮ. ಅಂಚು ಮುಚ್ಚಿ ಹೊಲಿದೆ, ಎಲ್ಲಿಂದಲೂ ಕಾಣದ ಹಾಗೆ. ಈ ಸಲ ಮೆಷಿನಿನ ಬೆಲ್ಟನ್ನೂ ಬಿಚ್ಚಲಿಲ್ಲ, ಕಾಲಲ್ಲೇ ತುಳಿದೆ. ಒಳಗೇ ಚರ್ಮ ಇರುವಾಗ ಮತ್ತೆಂಥ ಮಡಿ? ಹೊಲಿಯುವಾಗ ಒಮ್ಮೆಯೂ ತಪ್ಪು ಎಂದು ಅನಿಸಲಿಲ್ಲ ಎಂದು ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದು ನಿಜ.

"ಬೇರೆ ಬಟ್ಟೆ ಸಿಕ್ಕಿತು, ಗಟ್ಟಿ ಉಂಟು" ಎಂದು ಕೊಟ್ಟೆ. ಭತ್ತದ ಮೂಟೆ ಏರಿನ ತುದಿಗೆ ಹೋಗಿ ನಿಂತಿತು. ಇಂದ್ರರು ಅಲ್ಲಿಂದ ಕೈಬೀಸಿದರು. ಐವತ್ತು ದಾಟಿದ ಆ ಮುಖ ಅಷ್ಟು ಅರಳಿದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಲಿಲ್ಲ. ನಾನೂ ಕೈಬೀಸಿದೆ. ಸಂತೋಷವೇ ಆಗಿತ್ತು, ಸುಳ್ಳು ಹೇಳುವುದಿಲ್ಲ.

ಚತುರ್ದಶಿಯ ಬೆಳಗ್ಗೆ ಮಳೆ ಬಿಟ್ಟಿತ್ತು. ಅಕ್ಕ ಬಿಳಿ ಸೀರೆಯುಟ್ಟು, ಪೂಜೆಯ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತರು. ಹಿಡಿದುಕೊಳ್ಳಲು ಪಕ್ಕದಲ್ಲಿ ನಾನು. ಬೆಲ್ಟು ನಮ್ಮ ಸೀಟಿನ ಕೆಳಗೆ ಹಲಗೆಯ ಆಚೆ ಓಡುತ್ತಿತ್ತು. ಕಾರು ಎತ್ತಿನ ಗಾಡಿಗಿಂತ ಸ್ವಲ್ಪ ಜೋರು, ಸೈಕಲಿಗಿಂತ ನಿಧಾನ. ದಾರಿಬದಿಯ ಜನ ಗದ್ದೆಯಿಂದ ಎದ್ದು ನಿಂತು ನೋಡಿದರು. ಅಕ್ಕ ದಾರಿಯುದ್ದಕ್ಕೂ ತಾನು ಸಣ್ಣವಳಿದ್ದಾಗಿನ ಒಂದೊಂದು ಜಾಗ ತೋರಿಸುತ್ತ ಬಂದರು. ಆರು ಮೈಲು ಹೀಗೆ ಹೋಯಿತು. ಗುಡ್ಡದ ಬುಡಕ್ಕೆ ಬಂದಾಗ ಜೋರಾಗಿ ಒಂದು ಮಳೆ ಹೊಡೆಯಿತು, ಗುಂಡಿಗಳಲ್ಲಿ ನಿಂತ ನೀರು ಕೆಳಗಿನಿಂದಲೂ ಎರಚಿತು.

ಆಗ ನನಗೆ ತಿಳಿಯದೆ ಇದ್ದದ್ದು ಇಷ್ಟೇ. ಒದ್ದೆಯಾದರೆ ಹತ್ತಿ ಕುಗ್ಗುತ್ತದೆ, ಚರ್ಮ ಹಿಗ್ಗುತ್ತದೆ. ಹೊರಗಿನದು ಒಂದು ಕಡೆಗೆ ಎಳೆಯಿತು, ಒಳಗಿನದು ಇನ್ನೊಂದು ಕಡೆಗೆ. ಏರಿನ ನಡುವೆ ಪಟಪಟ ಎಂದು ಸದ್ದು ಕೇಳಿತು, ಕಾರು ಎಳೆಯುವುದನ್ನು ನಿಲ್ಲಿಸಿತು. ಇಂದ್ರರು ಚಕ್ರಕ್ಕೆ ಕಲ್ಲು ಕೊಟ್ಟು ಹಿಂದೆ ಬಂದರು. ನಾನು ಅವರಿಗಿಂತ ಮೊದಲೇ ಇಳಿದಿದ್ದೆ. ಹಲಗೆ ಎತ್ತಿದರು. ಗೇಣುದ್ದಕ್ಕೆ ಹೊಲಿಗೆ ಬಿಟ್ಟಿತ್ತು, ಕ್ಯಾನ್ವಾಸಿನ ನಡುವಿನಿಂದ ಚರ್ಮದ ಪಟ್ಟಿ ನಾಲಿಗೆಯ ಹಾಗೆ ಹೊರಗೆ ಬಂದಿತ್ತು.

ಇಂದ್ರರು ಅದನ್ನು ನೋಡಿದರು. ನನ್ನನ್ನು ನೋಡಿದರು. ನಾನು ನೆಲ ನೋಡಿದೆ.

"ಎಂಥ ಆಯ್ತು ಮಾರಾಯ?" ಸೀಟಿನ ಮೇಲಿಂದ ಅಕ್ಕ ಕೇಳಿದರು.

ಇಂದ್ರರು ಹಲಗೆಯನ್ನು ಬದಿಗಿಟ್ಟರು. ಆಮೇಲೆ ಹೇಳಿದರು. "ಎಂಥದೂ ಇಲ್ಲ ಅಕ್ಕ. ಹೊಲಿಗೆ ಸ್ವಲ್ಪ ಬಿಟ್ಟಿದೆ. ಈಗ ಹೋಗುವ."

ನನ್ನ ಸೆರಗಿನ ಗಂಟಿನಲ್ಲಿ ದಬ್ಬಣ, ದಾರ ಇತ್ತು. ಮಣ್ಣಿನಲ್ಲಿ ಮಂಡಿಯೂರಿ ಕೂತು ಹೊಲಿದೆ. ಚರ್ಮ ಮತ್ತೆ ಮತ್ತೆ ಹೊರಗೆ ಬರುತ್ತಿತ್ತು. ಇಂದ್ರರು ಎದುರು ಕೂತು ಎರಡೂ ಕೈಯ ಹೆಬ್ಬೆರಳಿನಿಂದ ಅದನ್ನು ಒಳಗೆ ಒತ್ತಿ ಹಿಡಿದರು. ಅಭಿಷೇಕ ಮಾಡುವ ಕೈ. ನಾನು ಕಾಲಲ್ಲಿ ತುಳಿದು ಹೊಲಿಯುವುದನ್ನು ಸಹಿಸದವರು, ಆ ತುಂಡನ್ನು ಹಿಡಿದು, ನನ್ನ ದಬ್ಬಣ ಹೋಗುವಲ್ಲಿ ಬೆರಳು ಸರಿಸುತ್ತ ಕೂತಿದ್ದರು. ಕಾಣುವ ಜಾಗಕ್ಕೆ ತನ್ನ ಶಾಲಿನ ಅಂಚು ಹರಿದು ಸುತ್ತಿದರು. ಮೇಲೆ ಅಕ್ಕ ಮೆಲ್ಲಗೆ ಸ್ತೋತ್ರ ಹೇಳಿಕೊಳ್ಳುತ್ತಿದ್ದರು.

ಕಾರು ಗುಡ್ಡ ಹತ್ತಿತು. ಅಕ್ಕ ನನ್ನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಕೊನೆಯ ಪೂಜೆಯನ್ನು ತಮ್ಮನೇ ಮಾಡಬೇಕೆಂದು ನಿಶ್ಚಯವಾಗಿತ್ತು. ಇಂದ್ರರು ಹೊರಗಿನ ಗೋಡೆಯ ಹತ್ತಿರವೇ ನಿಂತು, ಆ ಬಸದಿಯ ಇಂದ್ರರನ್ನು ಕರೆದು, "ಕೈಯೆಲ್ಲ ಎಣ್ಣೆ ಮಸಿ, ನೀವೇ ಮಾಡಿ" ಎಂದರು. ಪಕ್ಕದಲ್ಲೇ ತುಂಬಿದ ಬಾವಿ ಇತ್ತು. ಕೈ ತೊಳೆಯಬಹುದಿತ್ತಲ್ಲ ಎಂದು ಅಕ್ಕನಿಗೆ ಹೊಳೆಯಲಿಲ್ಲ, ಅವರ ಕಣ್ಣೆಲ್ಲ ಒಳಗೆ ಇತ್ತು. ಪೂಜೆ ಮುಗಿದು ಹೊರಗೆ ಬಂದಾಗ ಅಕ್ಕ ಅಳುತ್ತಿದ್ದರು, ನಗುತ್ತಲೂ ಇದ್ದರು. ತಮ್ಮನ ತಲೆಯ ಮೇಲೆ ಕೈಯಿಟ್ಟು, "ನೀನು ನನ್ನನ್ನು ಗೆಲ್ಲಿಸಿದೆ" ಎಂದರು. ಅವರು ತಲೆ ತಗ್ಗಿಸಿ ಆಶೀರ್ವಾದ ತೆಗೆದುಕೊಂಡರು.

ಬೈಯುತ್ತಾರೆ ಎಂದು ಕಾದೆ. ಒಂದು ವಾರ, ಎರಡು ವಾರ. ಬೈಯಲಿಲ್ಲ. ಮೊದಲಿನ ಹಾಗೇ ಕಡುಬು ತಂದುಕೊಟ್ಟರು. ಕಾರನ್ನು ಬಿಚ್ಚಿ ಹಲಗೆಗಳನ್ನು ಅಟ್ಟಕ್ಕೆ ಹಾಕಿದರು, ಬೆಲ್ಟು ಎಲ್ಲಿಗೆ ಹೋಯಿತೋ ಗೊತ್ತಿಲ್ಲ. ತಡೆಯಲಾರದೆ ನಾನೇ ಒಂದು ದಿನ ಬಾಯಿ ತೆರೆದೆ. "ಇಂದ್ರರೇ, ಆ ಬೆಲ್ಟಿನಲ್ಲಿ ನಾನು..."

"ಅಕ್ಕ ಈಗ ಒಳ್ಳೆ ನಿದ್ರೆ ಮಾಡ್ತಾರೆ ತಂಗಿ. ಮೊದಲು ಮಾಡ್ತಿರ್ಲಿಲ್ಲ" ಎಂದರು. ಎದ್ದು ಹೋದರು. ತಪ್ಪು ಒಪ್ಪಿಕೊಳ್ಳಲು ಬಂದವಳ ಮುಖಕ್ಕೆ ಬಾಗಿಲು ಹಾಕಿದ ಹಾಗಾಯಿತು. ಅಷ್ಟು ಮೆಲ್ಲಗೆ ಹಾಕಿದರು, ಸದ್ದೂ ಆಗಲಿಲ್ಲ.

ಆ ದೀಪಾವಳಿಗೆ ಇಂದ್ರರು ಬಸದಿಯ ಪೂಜೆಯನ್ನು ತನ್ನ ಸಣ್ಣ ತಮ್ಮನ ಮಗನಿಗೆ ವಹಿಸಿಕೊಟ್ಟರು. ಮಂಡಿ ನೋವು, ನಡೆಯಲು ಆಗುವುದಿಲ್ಲ ಎಂದು ಹೇಳಿದರು. ವಯಸ್ಸಾಯಿತಲ್ಲ ಎಂದು ಊರಿನವರು ನಂಬಿದರು, ಅಕ್ಕ ಎಣ್ಣೆ ಕಾಯಿಸಿ ಮಂಡಿಗೆ ಹಚ್ಚಿದರು. ನಾನೂ ನಂಬಿದೆ. ನಂಬದಿದ್ದರೆ ನನಗೆ ಬೇರೆ ದಾರಿ ಇರಲಿಲ್ಲ.

ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಒಂದು ಬೆಳಗ್ಗೆ, ಮದುವೆ ಮನೆಗೆ ಹೊಲಿದ ಬಟ್ಟೆ ಕೊಡಲು ನಮ್ಮ ಊರಿನ ಬಸದಿಯ ಕಡೆ ಹೋಗಬೇಕಾಯಿತು. ದೂರದಿಂದಲೇ ಕಂಡೆ. ಬಸದಿಯ ಹೊರಗೋಡೆಯ ಆಚೆ, ಮಾರ್ಗದ ಮೇಲೆ, ಇಂದ್ರರು ಒಳಗಿನ ಗಂಟೆಗೆ ಕಿವಿಗೊಟ್ಟು ಕೈಮುಗಿದು ನಿಂತಿದ್ದರು. ಬಾಗಿಲು ತೆರೆದೇ ಇತ್ತು. ಗಂಟೆ ನಿಂತ ಮೇಲೆ ಅಲ್ಲಿಂದಲೇ ತಿರುಗಿ, ಸಲೀಸಾಗಿ ಹೆಜ್ಜೆ ಹಾಕುತ್ತ ಮನೆಯ ದಾರಿ ಹಿಡಿದರು. ಅಲ್ಲಿನ ಹೂ ಕಟ್ಟುವ ಹೆಂಗಸನ್ನು ಕೇಳಿದೆ. "ದಿನಾ ಬರ್ತಾರೆ. ಒಳಗೆ ಮಾತ್ರ ಬರುವುದಿಲ್ಲ. ಯಾಕೆ ಅಂತ ಕೇಳಿದ್ರೆ ನಗ್ತಾರೆ" ಎಂದಳು.

ಚರ್ಮ ಮುಟ್ಟಿದ್ದಕ್ಕೆ ಸ್ನಾನ ಮಾಡಿದರೆ ಮುಗಿಯುತ್ತದೆ, ಅಷ್ಟು ನನಗೂ ಗೊತ್ತು. ಅವರಿಗೆ ತೊಳೆಯಲಾಗದೆ ಉಳಿದದ್ದು ಅಕ್ಕನಿಗೆ ಹೇಳಿದ ಆ ಒಂದು ಸುಳ್ಳು. ಹೇಳಿದ್ದರೆ ಅಕ್ಕನ ಹದಿನಾಲ್ಕು ವರ್ಷ ಆ ಏರಿನಲ್ಲೇ ಬೀಳುತ್ತಿತ್ತು, ಹೇಳದೆ ತನ್ನ ಪೂಜೆಯನ್ನು ಬೀಳಿಸಿಕೊಂಡರು. ಅವರನ್ನು ಅಲ್ಲಿ ತಂದು ನಿಲ್ಲಿಸಿದವಳು ನಾನು. ಅಂದು ಹಿಂದೆ ಓಡಿಹೋಗಿ ಕಾಲು ಹಿಡಿಯಬೇಕಿತ್ತು. ಬಟ್ಟೆಯ ಗಂಟು ಹೊತ್ತುಕೊಂಡು ಮದುವೆ ಮನೆಗೆ ಹೋದೆ.

ಅವರು ಹೋಗಿಯೂ ನಲ್ವತ್ತು ವರ್ಷದ ಮೇಲಾಯಿತು. ಈಗ ನನ್ನ ಮಂಡಿ ಬಗ್ಗುವುದಿಲ್ಲ. ಆ ಬಸದಿಯ ಮುಂದೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಸಿಟ್ಟು ಬರುತ್ತದೆ. ನನ್ನ ಮೇಲೆ ಬರುತ್ತದೆ, ಅದು ಸರಿಯೇ. ಆದರೆ ಅವರ ಮೇಲೂ ಬರುತ್ತದೆ. ನಾಲ್ಕು ಜನರ ಎದುರು ಒಮ್ಮೆ ಬೈದಿದ್ದರೆ ಅತ್ತು ಮುಗಿಸುತ್ತಿದ್ದೆ. ಬೈಯದೆ ಹೋದರು. ನನಗೆ ಕೊಡಬೇಕಾಗಿದ್ದ ಶಿಕ್ಷೆಯನ್ನು ದಿನಾ ಒಂದೂವರೆ ಮೈಲು ನಡೆದು ಅವರೇ ತೆಗೆದುಕೊಂಡರು.